ಕಾರ್ಡು ತಂದಿದೀರೇನಮ್ಮಾ?

ನಮ್ಮ ಚಿಕ್ಕಮ್ಮನ ಮಗಳು ಹೆರಿಗೆಗೆಂದು ತಾಲ್ಲೂಕು ಆಸ್ಪತ್ರೆಗೆ ಹೊರಟಾಗ ಮನೆಯಲ್ಲಿ ಎರಡು ಚೀಲ ಸಿದ್ಧವಾಗಿದ್ದವು. ಒಂದರಲ್ಲಿ ಒಗೆದು ಒಗೆದು ಮೆತ್ತಗಾದ ಹಳೇ ಸೀರೆಯ ತುಂಡುಗಳು, ಬಿಸಿನೀರಿನ ಫ್ಲಾಸ್ಕು, ಒಂದು ಕುಲಾವಿ. ಇನ್ನೊಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ತಾಯಿ ಕಾರ್ಡು, ಆಧಾರು, ಗಂಡನ ಆಧಾರು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಸ್ಕ್ಯಾನಿಂಗ್ ರಿಪೋರ್ಟು, ಇವೆಲ್ಲದರ ಮೂರು ಮೂರು ಜೆರಾಕ್ಸು. ಮೊದಲನೇ ಚೀಲವನ್ನು ಯಾರು ಹಿಡಿದರೂ ನಡೆಯುತ್ತಿತ್ತು. ಎರಡನೆಯದನ್ನು ಚಿಕ್ಕಪ್ಪ ಯಾರ ಕೈಗೂ ಕೊಡಲಿಲ್ಲ. ಆಟೋದಲ್ಲಿ ಮಗಳು ಹಲ್ಲು ಕಚ್ಚಿ ನರಳುತ್ತಿದ್ದರೆ ಅವರು ಕವರನ್ನು ಎದೆಗವಚಿಕೊಂಡು ಕೂತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಆಸ್ಪತ್ರೆ ಬಾಗಿಲು ದಾಟಿದ ಮೇಲೆ ಗೊತ್ತಾಯಿತು, ಲೋಕಾನುಭವ ಇದ್ದದ್ದು ಅವರಿಗೆ, ನನಗಲ್ಲ.

ಕೌಂಟರಿನಲ್ಲಿದ್ದವರು ತಲೆ ಎತ್ತದೆ ಕೇಳಿದ ಮೊದಲ ಮಾತು: "ಕಾರ್ಡು ತಂದಿದೀರೇನಮ್ಮಾ?"

ನೋವು ಯಾವಾಗ ಶುರುವಾಯಿತು, ನೀರು ಹೋಗಿದೆಯಾ, ಮಗು ಅಲ್ಲಾಡುತ್ತಿದೆಯಾ ಎಂಬ ಚಿಲ್ಲರೆ ವಿಚಾರಗಳೆಲ್ಲ ಆಮೇಲೆ ಬಂದವು. ಕಾರ್ಡಿನ ತಪಾಸಣೆ ಮುಗಿದ ಮೇಲೆ ಬಸುರಿಯ ತಪಾಸಣೆ. ಕಾರ್ಡು ಆರೋಗ್ಯವಾಗಿತ್ತು, ಆದ್ದರಿಂದ ಅವಳನ್ನೂ ಒಳಗೆ ಬಿಟ್ಟುಕೊಂಡರು.

ದೇವರ ದಯೆಯಿಂದ ಹೆರಿಗೆ ಸುಸೂತ್ರ ಆಯಿತು. ಆಯಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ತೋರಿಸಿದಳು. ತೋರಿಸಿದಳು ಅಷ್ಟೇ, ಕೊಡಲಿಲ್ಲ. "ಖುಷಿಗೆ ಏನಾದ್ರೂ ಕೊಡಿ ಸಾ" ಅಂದಳು. ಚಿಕ್ಕಪ್ಪ ಇನ್ನೂರು ತೆಗೆದರು. ಆಕೆಯ ಮುಖದಲ್ಲಿ ಖುಷಿ ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಬಾಣಂತಿಯ ಅತ್ತೆ ರೇಟು ವಿವರಿಸಿದರು: ಗಂಡಾದರೆ ಸಾವಿರ, ಹೆಣ್ಣಾದರೆ ಐನೂರು. ಹೆಣ್ಣು ಮಗುವಿಗೆ ಈ ವ್ಯವಸ್ಥೆಯಲ್ಲಿ ಶೇಕಡಾ 50ರ ರಿಯಾಯಿತಿ ಸಿಗುತ್ತಿರುವುದು ನನಗೆ ತಿಳಿದಂತೆ ಇದೊಂದೇ ಕಡೆ. ಆಯಾಳ ತಲೆಯ ಮೇಲೆ ಗೋಡೆಗೆ ಬೋರ್ಡು ಹೊಡೆದಿತ್ತು: ಹೆರಿಗೆ ಉಚಿತ, ಸಿಸೇರಿಯನ್ ಉಚಿತ, ಔಷಧಿ ಉಚಿತ, ರಕ್ತ ಉಚಿತ, ಊಟ ಉಚಿತ, ಮನೆಗೆ ಬಿಡುವ ವಾಹನವೂ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಭರವಸೆಗಳು. ಬೋರ್ಡಿನ ನೆರಳಲ್ಲೇ ವ್ಯವಹಾರ ಕುದುರಿ, ಅಡವಿಟ್ಟ ಮಗು ಬಿಡುಗಡೆ ಆಯಿತು.

ಇದನ್ನು ನಗುತ್ತಾ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಹತ್ತಿರ ಕವರು ಇತ್ತು.

2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದ ಹೆಣ್ಣುಮಗಳ ಹತ್ತಿರ ಅದು ಇರಲಿಲ್ಲ. ತಮಿಳುನಾಡಿನ ಮೂಲದವಳು, ಬಾಡಿಗೆ ಮನೆಯಲ್ಲಿ ಒಬ್ಬ ಪುಟ್ಟ ಮಗಳೊಂದಿಗೆ ಇದ್ದವಳು. ಹೊಟ್ಟೆಯಲ್ಲಿ ಅವಳಿ. ನೋವು ಬಂದಾಗ ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೋ ಹತ್ತಿಸಿ ಕಳಿಸಿದ್ದರು. ತಾಯಿ ಕಾರ್ಡು ಎಲ್ಲಿ? ಇಲ್ಲ. ಆಧಾರು? ಅದೂ ಇಲ್ಲ. ಹಾಗಾದರೆ ಬೆಂಗಳೂರಿಗೆ ಹೋಗಿ. ಬೆಂಗಳೂರಿಗೆ ಹೋಗಲು ಕೈಯಲ್ಲಿ ಕಾಸಿಲ್ಲದವಳು ಮನೆಗೆ ವಾಪಸಾದಳು. ಬೆಳಗಾಗುವಷ್ಟರಲ್ಲಿ ಅವಳೂ ಇಲ್ಲ, ಹುಟ್ಟಿದ ಅವಳಿಗಳೂ ಇಲ್ಲ. ಆಟೋಗೆ ದುಡ್ಡು ಕೂಡಿಸಿದ ಆ ಬೀದಿಯವರು ಅವಳ ಕಾರ್ಡು ಕೇಳಿರಲಿಲ್ಲ. ಅವರಿಗೆ ಆಡಳಿತ ಗೊತ್ತಿಲ್ಲ, ಪಾಪ.

ಗರ್ಭಿಣಿ ಹೌದು ಎಂದು ಸಾಬೀತು ಮಾಡಲು ದಿನ ತುಂಬಿದ ಅವಳಿ ಹೊಟ್ಟೆ ಸಾಲದು, ಅದಕ್ಕೆ ಮುದ್ರೆ ಬೇಕು. ತುರ್ತಿನಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಮೂವತ್ತಮೂರು ವರ್ಷಕ್ಕೂ ಆ ತೀರ್ಪು ದೆಹಲಿಯಿಂದ ತುಮಕೂರಿಗೆ ತಲುಪಿರಲಿಲ್ಲ. ಬಹುಶಃ ಅದರ ಹತ್ತಿರವೂ ಕಾರ್ಡು ಇರಲಿಲ್ಲ. ಅವಳು ಸತ್ತ ಮೇಲೆ ಮಾತ್ರ ಕಾಗದಗಳು ಅವಳನ್ನು ಹುಡುಕಿಕೊಂಡು ಬಂದವು: ಅಮಾನತಿನ ಆದೇಶ, ತನಿಖೆಯ ಆದೇಶ, ವಿಷಾದದ ಹೇಳಿಕೆ. ಬದುಕಿದ್ದಾಗ ಒಂದು ಕಾಗದವೂ ಇರದ ಹೆಣ್ಣಿಗೆ ಈಗ ಒಂದು ಫೈಲೇ ಆಯಿತು.

ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸೂಲಗಿತ್ತಿ ನರಸಮ್ಮ ಎಂಬ ಅಜ್ಜಿ ಇದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದಕ್ಕೂ ದುಡ್ಡು ಮುಟ್ಟಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಯಾರಾದರೂ ತಾಯಿ ಕಾರ್ಡು ತಂದು ತೋರಿಸಿದ್ದರೂ ಅವರಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಬೇರೆ ದಾರಿ ಇಲ್ಲದೆ ಬಸುರಿಯನ್ನೇ ನೋಡುತ್ತಿದ್ದರು. ಹಾಗಂತ ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಎಂದು ಹಾಡುವವನು ನಾನಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದರೆ ಅಜ್ಜಿಯ ಕೈಗುಣ ರಕ್ತದ ಬಾಟಲಿಯ ಕೆಲಸ ಮಾಡಲಾರದು. ಅದಕ್ಕೇ ಆಸ್ಪತ್ರೆಗೆ ಬನ್ನಿ ಎಂದು ಊರೂರಿಗೆ ಡಂಗುರ ಹೊಡೆದದ್ದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಶುರುವಾಗಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಕೈಗೆ ಕಾಸು ಕೊಟ್ಟರು. ಜನ ಬಂದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಯಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತವೆ. ಕರೆದದ್ದಾಯಿತು, ಬಂದದ್ದಾಯಿತು. ಮದುವೆಗೆ ಊರೆಲ್ಲ ಕರೆದು ಅಡುಗೆಯವನಿಗೆ ಹೇಳುವುದನ್ನೇ ಮರೆತ ಮನೆಯವರ ಹಾಗೆ ಈಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ.

ಅಡುಗೆ ಇಲ್ಲದ ಮನೆಯವರು ಏನು ಮಾಡುತ್ತಾರೆ? ಪಕ್ಕದ ಮನೆ ತೋರಿಸುತ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ 'ಮೇಲಕ್ಕೆ ಕಳಿಸುವುದು' ಎನ್ನುತ್ತಾರೆ. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ ಇರುವುದು ಆರೋಗ್ಯ ಇಲಾಖೆಯ ತಪ್ಪಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಸಂಜೆ ನಾಲ್ಕಕ್ಕೆ ಹೊರಟಿರುತ್ತಾರೆ, ಅಲ್ಲಿಂದ ತಾಲ್ಲೂಕಿಗೆ. ತಾಲ್ಲೂಕಿನಲ್ಲಿ ಹೆರಿಗೆ ಡಾಕ್ಟರು ಇದ್ದರೆ ಅರಿವಳಿಕೆ ಡಾಕ್ಟರು ಇಲ್ಲ, ಇಬ್ಬರೂ ಇದ್ದರೆ ರಕ್ತ ಇಲ್ಲ, ಅಲ್ಲಿಂದ ಜಿಲ್ಲೆಗೆ. ಜಿಲ್ಲೆಯಲ್ಲಿ ಹಾಸಿಗೆ ಇಲ್ಲ, ಅಲ್ಲಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ. ಪ್ರತಿ ಮೆಟ್ಟಿಲಲ್ಲೂ ಹೊಸ ಚೀಟಿ, ಹೊಸ ಕೌಂಟರು, ಹೊಸದಾಗಿ "ಕಾರ್ಡು ತಂದಿದೀರೇನಮ್ಮಾ?" ಇದರಲ್ಲಿ ಒಂದು ಲೆಕ್ಕಾಚಾರವೂ ಇದೆ. ನಮ್ಮಲ್ಲಿ ಸತ್ತರೆ ನಮ್ಮ ರಿಜಿಸ್ಟರಿಗೆ ಬರುತ್ತದೆ, ವಿಚಾರಣೆಗೆ ಜಿಲ್ಲಾಧಿಕಾರಿ ಮುಂದೆ ನಿಲ್ಲಬೇಕಾಗುತ್ತದೆ. ಆಂಬುಲೆನ್ಸಿನಲ್ಲಿ ಸತ್ತರೆ ಯಾವ ರಿಜಿಸ್ಟರು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಇಲ್ಲಿ ಕೋಲಿನ ಚಿಂತೆ ಮಾತ್ರ.

ಬಡವರ ಮನೆಯ ಹೆಣ್ಣಿಗೆ ಕತ್ತರಿ ಬೇಕಾದಾಗ ಸಿಗುವುದಿಲ್ಲ, ಸ್ಥಿತಿವಂತರ ಮನೆಯವಳಿಗೆ ಬೇಡ ಅಂದರೂ ಬಿಡುವುದಿಲ್ಲ. ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಸಿಸೇರಿಯನ್ ಶೇಕಡಾ 14.3, ಖಾಸಗಿಯಲ್ಲಿ 47.4. ಖಾಸಗಿ ಆಸ್ಪತ್ರೆಯ ಗೇಟು ದಾಟಿ ಒಳಗೆ ಹೋದರೆ ಗರ್ಭಕೋಶದ ಗುಣವೇ ಬದಲಾಗುವುದು ವೈದ್ಯಶಾಸ್ತ್ರದ ಒಂದು ವಿಸ್ಮಯ. ಜೊತೆಗೆ ಪಂಚಾಂಗ. ರಾಹುಕಾಲ ಕಳೆದು ಒಳ್ಳೇ ನಕ್ಷತ್ರದಲ್ಲಿ ಮಗು ತೆಗೆಸುವವರು ನಮ್ಮ ನೆಂಟರಲ್ಲೇ ಇದ್ದಾರೆ. ಹೋಗಲಿ ಬಿಡಿ, ಅವರ ಮಕ್ಕಳು ಮುಂದೆ ಐಎಎಸ್ ಆಗಿ ಆರೋಗ್ಯ ಇಲಾಖೆಗೆ ಬರಲಿ.

ಅಂಕಿಗಳ ಮಾತು ಬಂತಲ್ಲ, ನಮ್ಮ ಪರೀಕ್ಷೆಯ ಫಲಿತಾಂಶವನ್ನೂ ಹೇಳಿಬಿಡುತ್ತೇನೆ. 2030ರ ಹೊತ್ತಿಗೆ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 70ಕ್ಕಿಂತ ಕೆಳಗೆ ಬರಬೇಕು ಎಂಬುದು ವಿಶ್ವಸಂಸ್ಥೆ ಇಡೀ ಪ್ರಪಂಚಕ್ಕೆ ಇಟ್ಟ ಗುರಿ. 2018-20ರ ಲೆಕ್ಕದಲ್ಲಿ ಕರ್ನಾಟಕದ್ದು 69. ಜಸ್ಟ್ ಪಾಸು! ಹತ್ತು ವರ್ಷ ಮೊದಲೇ ಗುರಿ ಮುಟ್ಟಿದ ರಾಜ್ಯ ಎಂದು ಬೆನ್ನು ತಟ್ಟಿಕೊಂಡೆವು. ಅದೇ ಪಟ್ಟಿಯಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ಪಕ್ಕದ ಬೆಂಚಿನವರ ಮಾರ್ಕ್ಸು ಕೇಳಬಾರದು ಎಂದು ಫೇಲಾಗುವ ಹುಡುಗರು ಹೇಳುವುದುಂಟು, ಕೇಳುವುದು ಬೇಡ. ಮುಂದಿನ ಲೆಕ್ಕದಲ್ಲಿ ನಾವು 63ಕ್ಕೆ ಇಳಿದೆವು, ನಿಜ. ದಕ್ಷಿಣದಲ್ಲಿ ನಮಗಿಂತ ಕೆಳಗಿನ ಬೆಂಚು ಮಾತ್ರ ಖಾಲಿಯೇ ಇತ್ತು. ಪ್ರಪಂಚದ ಲೆಕ್ಕ ತೆಗೆದರೆ 2023ರಲ್ಲಿ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ಸತ್ತರು, ದಿನಕ್ಕೆ 700ಕ್ಕೂ ಹೆಚ್ಚು, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮದು ಆ ಕೆಳಮಧ್ಯಮದ ಸಾಲು. ವೇದಿಕೆಯ ಮೇಲೆ ನಾವು ಯಾವ ಸಾಲಿನಲ್ಲಿ ಕೂರುತ್ತೇವೆ ಎನ್ನುವುದು ಬೇರೆ ವಿಷಯ.

ಈ ಸಾವುಗಳಲ್ಲಿ ದೊಡ್ಡ ಪಾಲು ರಕ್ತಸ್ರಾವದ್ದು. ಹೆರಿಗೆಯಾದ ಮೇಲೆ ಅರ್ಧ ಲೀಟರು ದಾಟಿತೆಂದರೆ ಎಚ್ಚರಾಗಬೇಕು. ಆದರೆ ಅರ್ಧ ಲೀಟರು ಆಯಿತೋ ಒಂದು ಲೀಟರು ಆಯಿತೋ ಹೇಗೆ ತಿಳಿಯುವುದು? ರಾತ್ರಿ ಎರಡು ಗಂಟೆ, ಮಂಕು ಟ್ಯೂಬ್‌ಲೈಟು, ಮೂರು ಹೆರಿಗೆಗೆ ಒಬ್ಬ ನರ್ಸಮ್ಮ. ಬಟ್ಟೆ ನೆನೆದದ್ದು ನೋಡಿ ಅಂದಾಜು ಮಾಡಬೇಕು. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತದೆ, ಅದು ಡಾಕ್ಟರ ಕಣ್ಣಾದರೂ ಅಷ್ಟೇ. ನಮ್ಮೂರಿನ ಹಾಲಿನ ಡೇರಿಗೆ ಬೆಳಗ್ಗೆ ಒಂದು ಸಲ ಹೋಗಿ ನೋಡಿ. ಎಮ್ಮೆ ಕೊಟ್ಟ ಹಾಲನ್ನು ಮೆಶಿನ್ನಿನಲ್ಲಿ ತೂಗಿ, ಫ್ಯಾಟು ನೋಡಿ, ದಶಮಾಂಶ ಸಮೇತ ಚೀಟಿ ಹರಿದು ಕೊಡುತ್ತಾರೆ. ಐವತ್ತು ಮಿಲಿ ಹೆಚ್ಚುಕಡಿಮೆಯಾದರೆ ಜಗಳ. ಎಮ್ಮೆಯ ಹಾಲಿಗೆ ಅಳತೆ ಉಂಟು, ಹೆಂಗಸಿನ ರಕ್ತಕ್ಕೆ ಅಂದಾಜು.

ತಮಾಷೆ ಎಂದರೆ ಆ ಅಳತೆಯ ಸಾಧನ ಮಾಡಿದವರು ನಮ್ಮವರೇ. ಒಂದು ಪ್ಲಾಸ್ಟಿಕ್ ಹಾಳೆ. ಹೆತ್ತ ಕೂಡಲೇ ತಾಯಿಯ ಕೆಳಗೆ ಹಾಸುವುದು, ತುದಿಯಲ್ಲಿ ಆಲಿಕೆಯ ಹಾಗೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಕ್ಕಳ ಹಾಲಿನ ಬಾಟಲಿಯಲ್ಲಿ ಇರುವಂತೆ ಗೆರೆಗಳು. ಗೆರೆ ಮುಟ್ಟಿತೋ, ಓಡು. ಇಷ್ಟೇ. ಬೆಳಗಾವಿಯಲ್ಲಿ ನಡೆದ ಸಂಶೋಧನೆಯೊಂದಕ್ಕಾಗಿ ಇದನ್ನು ರೂಪಿಸಿದರು. ಆ ಸಂಶೋಧನೆ ಕೂಡ ಸಣ್ಣದಲ್ಲ. ಬೆಳಗಾವಿ ಸೀಮೆಯ ಹಳ್ಳಿಗಳ 1,620 ಹೆರಿಗೆ, ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ಉಪಕೇಂದ್ರದ ನರ್ಸಮ್ಮಗಳು. ಮಿಸೋಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ನುಂಗಿಸಿದರು. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಪ್ರಪಂಚ ಓದಿತು. 2023ರಲ್ಲಿ ಫಲಿತಾಂಶ ಬಂದ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದವರು ಇಂಥದೇ ಗೆರೆಯ ಹಾಳೆ ಹಾಸಿ, ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ ನಾಲ್ಕೈದು ಕೆಲಸವನ್ನು ಒಟ್ಟಿಗೇ ಮಾಡಿ ನೋಡಿದರು. ತೀವ್ರ ರಕ್ತಸ್ರಾವದ ಅನಾಹುತ ಶೇಕಡಾ 60ರಷ್ಟು ಕಡಿಮೆಯಾಯಿತು. ಹಿತ್ತಲ ಗಿಡ ಆಫ್ರಿಕಾದಲ್ಲಿ ಮದ್ದಾಯಿತು. ನಮ್ಮ ಚಿಕ್ಕಮ್ಮನ ಮಗಳ ಕೆಳಗೆ ಹಾಸಿದ್ದು ನಾವೇ ಒಯ್ದ ಹಳೇ ಸೀರೆ.

ಗೋಕಾಕ ಎಂದರೆ ನಮಗೆ ಕರದಂಟು, ಜಲಪಾತ. ವಿಶ್ವ ಆರೋಗ್ಯ ಸಂಸ್ಥೆಯವರಿಗೆ ಗೋಕಾಕ ಎಂದರೆ ಹೆರಿಗೆ ಕೋಣೆಯ ಟಿಕ್ ಪಟ್ಟಿಯನ್ನು ಮೊದಲು ಪರೀಕ್ಷಿಸಿದ ಊರು. ಕೈ ತೊಳೆದಿರಾ, ರಕ್ತದೊತ್ತಡ ನೋಡಿದಿರಾ ಎಂದು ನೆನಪಿಸುವ ಪಟ್ಟಿ. ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದದ್ದು 25ಕ್ಕೆ ಏರಿತು. ಉತ್ಸಾಹದಿಂದ ಉತ್ತರಪ್ರದೇಶದ 120 ಆಸ್ಪತ್ರೆಗಳ ಅಧ್ಯಯನಕ್ಕೆ ಒಯ್ದರು. ಅಲ್ಲೂ ಒಳ್ಳೆಯ ರೂಢಿ ಹೆಚ್ಚಿತು, ಆದರೆ 2017ರಲ್ಲಿ ಫಲಿತಾಂಶ ಬಂದಾಗ ಸಾವು ಮಾತ್ರ ಕದಲಿರಲಿಲ್ಲ. ನನ್ನ ಅಲ್ಪಬುದ್ಧಿಗೆ ಹೊಳೆಯುವುದು ಇಷ್ಟು: 'ರಕ್ತ ಬೇಕೇ?' ಎಂಬ ಸಾಲಿಗೆ ಎಷ್ಟು ಅಚ್ಚುಕಟ್ಟಾಗಿ ಟಿಕ್ ಹಾಕಿದರೂ ಆ ಟಿಕ್ಕಿನಿಂದ ರಕ್ತ ಬರುವುದಿಲ್ಲ.

ರಕ್ತದ ಮಾತು ಮುಗಿಸುವ ಮೊದಲು ಮಾತ್ರೆ. ಐದನೇ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ. ಅದಕ್ಕೇ ಕಬ್ಬಿಣದ ಮಾತ್ರೆ, 180 ದಿನಕ್ಕೆ 180. ವಿತರಣೆಯ ಕಾಲಂನಲ್ಲಿ ಮಾತ್ರೆ ಹೋಗಿದೆ, ಹೊಟ್ಟೆಗೆ ಹೋಯಿತೋ ಎಂಬ ಕಾಲಂ ಯಾರೂ ನೋಡುವುದಿಲ್ಲ. ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಬೇಡ ತಾಯಿ ಎಂದು ಎರಡು ನಿಮಿಷ ಕೂತು ಹೇಳುವವರಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ದಾಸವಾಳದ ಬುಡದಲ್ಲಿ ಮಳೆ ಬಂದಾಗ ಆ ಮಾತ್ರೆಗಳು ಮೇಲೇಳುತ್ತವೆ. ದಾಸವಾಳ ಕೆಂಪಗಿದೆ, ಸೊಸೆ ಬಿಳುಚಿದ್ದಾಳೆ.

ಬಸುರಿಯರ ಬಿಸಿಯೂಟದ ಕತೆಯೂ ಉಂಟು. 2017ರ ಗಾಂಧಿ ಜಯಂತಿಯಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಬಂತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಊಟ ಚೆನ್ನಾಗಿಯೇ ಇತ್ತು, ಒಂದೇ ಷರತ್ತು: ಅಂಗನವಾಡಿಗೆ ಬಂದು ಉಣ್ಣಬೇಕು. ಮಲೆನಾಡಿನ ಒಂಟಿ ಮನೆಯ ಎಂಟು ತಿಂಗಳ ಬಸುರಿ ಗುಡ್ಡ ಇಳಿದು, ಸಂಕ ದಾಟಿ, ಉಂಡು, ಮತ್ತೆ ಗುಡ್ಡ ಹತ್ತಿ ಮನೆ ಸೇರುವಷ್ಟರಲ್ಲಿ ಉಂಡದ್ದು ಕರಗಿ ಹೊಸದಾಗಿ ಹಸಿವಾಗುತ್ತಿತ್ತು. ಹಣದ ಸಹಾಯವೂ ಹೀಗೇ. 2013ರ ಆಹಾರ ಭದ್ರತಾ ಕಾಯ್ದೆ ಬಸುರಿಗೆ 6,000 ರೂಪಾಯಿಗೆ ಕಡಿಮೆ ಇಲ್ಲದಂತೆ ಕೊಡಬೇಕು ಎಂದಿತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ 5,000 ಕೊಟ್ಟಿತು, ಅದೂ ಮೊದಲ ಮಗುವಿಗೆ, ಅದೂ ಮೂರು ಕಂತಿನಲ್ಲಿ. ಸಾವಿರ ಎಲ್ಲಿ ಹೋಯಿತು ಎಂದರೆ ಜನನಿ ಸುರಕ್ಷಾದ್ದು ಸೇರಿಸಿ ಸರಾಸರಿ ತೆಗೆದರೆ 6,000 ಆಗುತ್ತದಂತೆ. ಸರಾಸರಿ ಲೆಕ್ಕದಲ್ಲಿ ನಾನೂ ಅಂಬಾನಿಯೂ ಒಟ್ಟಿಗೆ ಭಾರಿ ಕುಳಗಳು.

ಈ ಎಲ್ಲ ಕಾಗದ ಹೊತ್ತು ತಿರುಗುವವಳು ಆಶಾ ಅಕ್ಕ. ಬಸುರಿಯನ್ನು ಪತ್ತೆ ಹಚ್ಚುವುದು, ಕಾರ್ಡು ಮಾಡಿಸುವುದು, ನಡುರಾತ್ರಿ ಜೊತೆಗೆ ಹೋಗುವುದು, ಆಸ್ಪತ್ರೆ ವರಾಂಡದಲ್ಲಿ ಸೆರಗು ಹೊದ್ದು ಮಲಗುವುದು, ಎಲ್ಲ ಅವಳೇ. ಆದರೆ ಅವಳು ನೌಕರಳಲ್ಲ, 'ಕಾರ್ಯಕರ್ತೆ'. ಅವಳಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಗೌರವ ಮುಂಗಡ, ಧನ ಬಾಕಿ. ಮಾಡಿದ ಕೆಲಸ ಪೋರ್ಟಲಿನಲ್ಲಿ ಏರದಿದ್ದರೆ ಮಾಡಿದಂತೆಯೇ ಅಲ್ಲ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿ ಖಾತರಿ ಎಂಬ ಮಾತು ಸಿಕ್ಕಿತು.

ಬಳ್ಳಾರಿಯಲ್ಲಿ ಮಾತ್ರ ಯಾರ ಕಾರ್ಡಿನಲ್ಲೂ ತಪ್ಪು ಇರಲಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಹೇಳಿದಂತೆ ಕೇಳಿದವರು, ಆಸ್ಪತ್ರೆಗೇ ಬಂದವರು. ಅನುಮಾನ ಹೋದದ್ದು ಅವರಿಗೆ ಏರಿಸಿದ ಡ್ರಿಪ್ಪಿನ ಮೇಲೆ, ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಕೆದಕಿದಾಗ ಗೊತ್ತಾದದ್ದೇನೆಂದರೆ, ಅದನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಫೇಲು ಮಾಡಿತ್ತು, ಬಳಕೆಗೂ ತಡೆ ಬಿದ್ದಿತ್ತು. ಆಮೇಲೆ ಕೇಂದ್ರದ ಪ್ರಯೋಗಾಲಯದಿಂದ ಪಾಸು ಎಂಬ ಕಾಗದ ಬಂತು, ಬಾಟಲಿಗಳು ಮತ್ತೆ ವಾರ್ಡಿಗೆ ಬಂದವು. ಬಾಟಲಿಗಳ ಹತ್ತಿರ ಕಾರ್ಡು ಇತ್ತು ನೋಡಿ, ಅವನ್ನು ಯಾರು ತಡೆಯುತ್ತಾರೆ? ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಂಪ್ರದಾಯದಂತೆ ದಾಸ್ತಾನು ತಡೆಹಿಡಿದು, ಔಷಧ ನಿಯಂತ್ರಕರನ್ನು ಅಮಾನತು ಮಾಡಿ, ತಜ್ಞರ ಸಮಿತಿ ಕೂರಿಸಿದರು. ಎರಡು ತಿಂಗಳಾಗುವ ಮೊದಲೇ ಪಶ್ಚಿಮ ಬಂಗಾಳದ ಮೇದಿನಿಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ ಸತ್ತಾಗ ಅದೇ ಕಂಪನಿಯ ದ್ರಾವಣದ ಹೆಸರು ಮತ್ತೆ ಕೇಳಿಬಂತು.

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆ ಮಾತನ್ನು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಬಳಸುತ್ತೇವೆ. ಅಜ್ಜಿಯರು ಅದನ್ನು ಹೆಮ್ಮೆಗೆ ಹೇಳಿದ್ದಲ್ಲ, ಭಯಕ್ಕೆ ಹೇಳಿದ್ದು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಏಳು ತಿಂಗಳ ಬಸುರಿ ಇದ್ದರೆ, ನೋವು ಬರುವ ತನಕ ಕಾಯಬೇಡಿ. ಈ ವಾರವೇ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ಮಾತು ಕೇಳಿ ಬನ್ನಿ: ರಾತ್ರಿ ಅರಿವಳಿಕೆ ಡಾಕ್ಟರು ಇರುತ್ತಾರಾ? ರಕ್ತ ಎಲ್ಲಿ ಸಿಗುತ್ತದೆ, ತರಲು ಎಷ್ಟು ಹೊತ್ತು? ರಕ್ತ ಅಳೆಯುವ ಹಾಳೆ ಇದೆಯಾ? ಉತ್ತರ ಹೇಳುವ ಮೊದಲು ಅವರು ಕಾರ್ಡು ಕೇಳುತ್ತಾರೆ. ಮರೆಯದೆ ಒಯ್ಯಿರಿ, ಮೂರು ಜೆರಾಕ್ಸಿನ ಜೊತೆಗೆ.